ಮಗ್ಗಗಳಿದ್ದ ಮಹಡಿ

ಪೋಲೆಂಡಿನ ವೂಚ್. ಹಳೆಯ ಗಿರಣಿ, ಮೂರನೇ ಮಹಡಿ.
ಮಗ್ಗಗಳನ್ನು ಕಿತ್ತು ಮಾರಿದ ಮೇಲೆ ಉಳಿದದ್ದು
ನೆಲದ ತುಂಬ ಬೋಲ್ಟಿನ ತೂತು, ನಾಲ್ಕು ನಾಲ್ಕಾಗಿ.
ಅವುಗಳ ಮೇಲೆ ಅಂಟುಪಟ್ಟಿ ಹಚ್ಚಿ
ಹತ್ತೊಂಬತ್ತು ವರ್ಷ ಇಲ್ಲಿ ಕುಣಿದಿದ್ದೇನೆ,
ಕುಣಿಸಿದ್ದೇನೆ,
ಎಂದೂ ಕೆಳಗೆ ನೋಡದೆ.

ನನ್ನ ಗುರು ಹೇಳುತ್ತಿದ್ದರು: ದೇಹ ಒಂದು ವಾದ್ಯ.
ಹದಿನಾರರ ಹುಡುಗಿ ನಾನು, ಬರೆದುಕೊಂಡೆ.
ಕೇಳಬೇಕಿತ್ತು ಆಗಲೇ:
ಚೆಲ್ಲೋಗೆ ಒಂದು ಪೆಟ್ಟಿಗೆ ಇರುತ್ತದಲ್ಲ ಮೇಡಂ,
ಒಳಗೆ ಮಖಮಲ್ಲು,
ರಾತ್ರಿ ಅದನ್ನು ಮಲಗಿಸಿ ಚಿಲಕ ಹಾಕುತ್ತಾರಲ್ಲ;
ನಮ್ಮನ್ನು?
ಕೇಳಲಿಲ್ಲ. ಮಂಡಿನೋವಿಗೆ ಎರಡು ಮಾತ್ರೆ ನುಂಗಿ
ಟ್ರಾಮಿನಲ್ಲಿ ನಿಂತೇ ಮನೆಗೆ ಹೋದೆ.
ಕೂತರೆ ಏಳಲಾಗದೆಂಬ ಭಯ.

ಆಮೇಲೆ ನಾನೇ ಗುರುವಾದೆ. ಅದೇ ಮಾತು ಹೇಳಿದೆ,
ಕೊಂಚ ಮೆತ್ತಗೆ, ಅಷ್ಟೇ.

ಹೋದ ಫೆಬ್ರವರಿ. ಕಿಟಕಿಯ ಒಳಮೈಗೂ ಹಿಮ ಕಟ್ಟಿತ್ತು.
ಪ್ರದರ್ಶನಕ್ಕೆ ಹನ್ನೊಂದು ದಿನ.
ಯಾಗ್ನಾ, ಇಪ್ಪತ್ತೆರಡು,
ನಮ್ಮಲ್ಲಿ ಎಲ್ಲರಿಗಿಂತ ಎತ್ತರ ಹಾರುವವಳು,
ಮೂರನೇ ಭಾಗದ ನಡುವೆ, ಏಳನೇ ಎಣಿಕೆಯಲ್ಲಿ
ಹಾರಲಿಲ್ಲ.
ನಿಂತಳು.
ಬೀಳಲಿಲ್ಲ, ಅಳಲಿಲ್ಲ.
ಅಂಗಡಿಯಲ್ಲಿ ತಕ್ಕಡಿ ನೋಡಿ ಹೇಳುವ ಹಾಗೆ
'ಸಾಕು, ಬೊಗುಮಿವಾ' ಅಂದಳು.

ಉಳಿದ ಐವರು ನನ್ನ ಮುಖ ನೋಡಿದರು.
ಬೈಗುಳ ನಾಲಿಗೆಯ ತುದಿಗೆ ಬಂದಿತ್ತು,
ನನ್ನದಲ್ಲ, ನನ್ನ ಗುರುವಿನದು,
ಅವರ ಉಚ್ಚಾರದ ಸಮೇತ.
ನುಂಗಿದೆ. ಗಂಟಲಲ್ಲಿ ಮೀನಿನ ಮುಳ್ಳು.

ಯಾಗ್ನಾ ಕೂತು ಕಾಲುಚೀಲ ಬಿಚ್ಚಿದಳು.
ಪದರ ಪದರ ಪಟ್ಟಿ,
ನೆಲದ ತೂತಿಗೆ ಹಚ್ಚುವ ಅದೇ ಬೂದು ಪಟ್ಟಿ,
ನಮ್ಮದೇ ಸುರುಳಿಯಿಂದ ಹರಿದದ್ದು.
ಅದರಡಿ ಹಳದಿಗೆ ತಿರುಗಿದ ಕಣಕಾಲು.
ಎಷ್ಟು ದಿನದಿಂದ?
ಅಕ್ಟೋಬರಿನಿಂದ.
ಹೇಳಲಿಲ್ಲ ಯಾಕೆ?
ನೀವು ಹೇಳಿದ್ದಿರಾ, ಯಾರಿಗಾದರೂ?

ಅವತ್ತು ತಾಲೀಮು ನಡೆಯಲಿಲ್ಲ.
ವಿತೋಲ್ದ್ ಬೀಟ್‌ರೂಟ್ ಸಾರು ಬಿಸಿ ಮಾಡಿದ.
ಏಳು ಜನ ನೆಲದ ಮೇಲೆ ಅಂಗಾತ ಮಲಗಿದೆವು,
ಛಾವಣಿಯ ಕಬ್ಬಿಣದ ತೊಲೆ ಎಣಿಸುತ್ತ.
ಮೊದಲು ಗಡಿಯಾರ ಕೇಳಿಸಿತು. ಆಮೇಲೆ ನನ್ನದೇ ಉಸಿರು,
ಬಾಗಿಲ ಹೊರಗೆ ಬಹಳ ಹೊತ್ತಿನಿಂದ ನಿಂತು
ತಟ್ಟಲು ಅಂಜಿದವರಂತೆ.
ನಿದ್ದೆ ಬಂತು. ನನಗೆ! ತಾಲೀಮಿನ ಕೋಣೆಯಲ್ಲಿ!
ಎದ್ದಾಗ ಮೈಮೇಲೆ ಆರು ಕೋಟು.

ಇದರಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ.
ಅನುದಾನದ ಅರ್ಜಿಯಲ್ಲಿ ವಿಶ್ರಾಂತಿಗೆ ಅಂಕಣವಿಲ್ಲ.
'ಇತರೆ' ಎಂಬಲ್ಲಿ ಬರೆದೆ; ಕಚೇರಿಯಾಕೆ ಹೊಡೆದುಹಾಕಿದಳು.
ಪ್ರದರ್ಶನ ಏಪ್ರಿಲಿಗೆ ಹೋಯಿತು, ಮುಂಗಡ ಕೈತಪ್ಪಿತು.
ಯಾಗ್ನಾಳ ಪಾಲು ಈಗ ಕುರ್ಚಿಯ ಮೇಲೆ, ಬರೀ ತೋಳುಗಳಲ್ಲಿ.
ಚೆನ್ನಾಗಿದೆಯೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ.
ಏಳರ ನಂತರ ಒಂದು ಎಣಿಕೆ ಖಾಲಿ ಬಿಟ್ಟಿದ್ದೇನೆ.
ಪತ್ರಿಕೆಯವರು ಬರೆದರು: ನಡುವೆ ಲಯ ತಪ್ಪುತ್ತದೆ.
ತಪ್ಪಲಿ.
ಅಲ್ಲಿ ಆರು ಜನ ಉಸಿರಾಡುತ್ತಾರೆ.

ಹಳೆಯ ಚಟ ಹೋಗಿಲ್ಲ. ನಿನ್ನೆಯೂ ಯಾರೋ ಆಕಳಿಸಿದ್ದಕ್ಕೆ
ಸಿಡುಕಿದೆ; ಆಮೇಲೆ ನೆನಪಾಗಿ
ನಾನೂ ಆಕಳಿಸಿದೆ.

ರಾತ್ರಿ, ದೀಪ ಆರಿಸಿ ಬೀಗ ಹಾಕುವ ಮುನ್ನ
ಒಂದು ಅಂಟುಪಟ್ಟಿ ಕಿತ್ತೆ.
ತೂತಿನೊಳಗೆ ಬೆರಳಿಟ್ಟೆ: ಎಣ್ಣೆಯ ಜಿಡ್ಡು,
ಒಂದೆಳೆ ಹತ್ತಿ.
ಮತ್ತೆ ಮುಚ್ಚಲಿಲ್ಲ.
ನಾಳೆ ಅದರ ಸುತ್ತ ಹೆಜ್ಜೆ ಹಾಕಿದರಾಯಿತು.

ಅರವತ್ತೆಂಟು ಮೆಟ್ಟಿಲು. ಇಷ್ಟು ವರ್ಷ
ಕಂಬಿ ಮುಟ್ಟದೆ ಓಡಿ ಇಳಿದವಳು ನಾನು,
ಯಾರೂ ನೋಡುತ್ತಿರದಿದ್ದರೂ.
ಇವತ್ತು ಹಿಡಿದೆ.
ತಣ್ಣಗಿತ್ತು. ನಯವಾಗಿತ್ತು,
ನೇಯುವ ಹೆಂಗಸರು ಪಾಳಿ ಮುಗಿಸಿ
ಹಿಡಿದು ಹಿಡಿದು ಇಳಿದದ್ದಕ್ಕೆ.