ಏನಾಗಬೇಕು

"ಮಗು ನಿಮಗೆ ಏನಾಗಬೇಕು?"
ಕೋರ್ಟಿನ ಕಿಟಕಿಯಾಚೆಯಿಂದ ಗುಮಾಸ್ತರು ಕೇಳಿದ್ದು ಸಂಬಂಧ.
ನನಗೆ ಕೇಳಿಸಿದ್ದು ಬೇರೆ.
ಏನಾಗಬೇಕು ಸ್ವಾಮಿ,
ಅವಳ ಹಲ್ಲು ಬಿದ್ದ ದಿನ ನನಗೂ ಗೊತ್ತಾಗಬೇಕು,
ಜ್ವರ ಬಂದರೆ ಯಾರಾದರೂ ಒಂದು ಮಿಸ್ಡ್ ಕಾಲ್ ಕೊಡಬೇಕು,
ಬರೆಯುವುದು ಎಡಗೈಯಲ್ಲೋ ಬಲಗೈಯಲ್ಲೋ…
"ಜಾಗ ಇಷ್ಟೇ ಇರೋದು. ಒಂದೇ ಪದ ಬರೀರಿ."

ಬರೆದೆ. ತಂದೆ.
ಪೆನ್ನು ಅವರದ್ದು, ಕಂಬಿಗೆ ದಾರ ಕಟ್ಟಿದ್ದು.
ಎರಡನೇ ಅಕ್ಷರಕ್ಕೆ ದಾರ ಸಾಲಲಿಲ್ಲ,
ಕಾಗದವನ್ನೇ ಎಳೆದುಕೊಂಡೆ.

ಜನನ ಪತ್ರದಲ್ಲಿ ಆ ಜಾಗಕ್ಕೆ ಒಂದು ಅಡ್ಡಗೆರೆ.
ಮೆಗ್ಗಾನ್ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ
ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದವನು ನಾನೇ.
"ಮಗುವಿನ ಅಪ್ಪ ಯಾರು?" ಎಂದು ನರ್ಸ್ ಕೂಗಿದಾಗ
ಜೆಸಿಂತಾಳ ಅಣ್ಣ ನನಗಿಂತ ಮೊದಲು ಬಾಯಿಬಿಟ್ಟ.
"ಯಾರೂ ಇಲ್ಲ."

ಮದುವೆ ಅರ್ಜಿ ತಂದಿದ್ದೆವು, ತುಂಬಿಯೂ ಇಟ್ಟಿದ್ದೆವು.
ಮೂವತ್ತು ದಿನ ನೋಟಿಸು ಬೋರ್ಡಿಗೆ ಹಚ್ಚುತ್ತಾರಂತೆ,
ಕಚೇರಿಯ ಎದುರಿಗೇ ಅಣ್ಣನ ಜೆರಾಕ್ಸ್ ಅಂಗಡಿ.
ಮುಂದಿನ ತಿಂಗಳು ನೋಡೋಣ ಅಂದುಕೊಂಡೆವು.
ಆ ಮುಂದಿನ ತಿಂಗಳು ಮೂರು ವರ್ಷ ಬಾಳಿಕೆ ಬಂತು
ಬೊಮ್ಮನಕಟ್ಟೆಯ ಬಾಡಿಗೆ ಮನೆಯಲ್ಲಿ.

ಅವಳ ಅಫಿಡವಿಟ್ಟಿನಲ್ಲಿ ಸುಳ್ಳಿಲ್ಲ.
ಮಗುವಿಗೆ ವರ್ಷ ತುಂಬಿದ ಮೇಲೆ
ಹನ್ನೊಂದು ತಿಂಗಳು ನಾನು ಸಂಡೂರಿನಲ್ಲಿ
ಅದಿರಿನ ಲಾರಿ ತೂಗುತ್ತಿದ್ದೆ. ಬರಲಿಲ್ಲ.
ಹತ್ತೂವರೆ, ಎಂದು ತಿದ್ದಲು ಎದ್ದೆ.
ನಾಗವೇಣಿ ಮೇಡಂ ನನ್ನ ಕಾಲು ತುಳಿದರು.

ಈಗ ಮತ್ತೆ ಮಾಚೇನಹಳ್ಳಿಯ ಹಳೇ ವೇ ಬ್ರಿಡ್ಜಿನಲ್ಲೇ ರಾತ್ರಿ ಪಾಳಿ.
ಲವೀಟಾಗೆ ಎಂಟು ತಿಂಗಳಿದ್ದಾಗ
ಜೆಸಿಂತಾ ಬುತ್ತಿ ತಂದಿದ್ದಳು ಇಲ್ಲಿಗೆ.
ಲಾರಿ ನಿಲ್ಲುವ ತಗಡಿನ ಮೇಲೆ ಟವೆಲು ಹಾಸಿ
ಮಗುವನ್ನು ಮಲಗಿಸಿದೆ, ತಮಾಷೆಗೆ.
ಸೊನ್ನೆ.
ಇಪ್ಪತ್ತು ಇಪ್ಪತ್ತು ಕಿಲೋ ಹೆಜ್ಜೆ ಇಡುವ ಯಂತ್ರ,
ನಡುವೆ ಇರುವುದು ಅದಕ್ಕೆ ಕಾಣುವುದಿಲ್ಲ.
ನಾನೊಬ್ಬನೇ ನಿಂತೆ, ಅರವತ್ತು.
ಎತ್ತಿಕೊಂಡು ನಿಂತೆ, ಎಂಬತ್ತು.
ಜೆಸಿಂತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.
ಚೀಟಿ ಮುದ್ರಿಸಿದೆ: ವಾಹನ ಸಂಖ್ಯೆ ಖಾಲಿ,
ಸರಕು, ಮಗು.

ಆ ಚೀಟಿ ಕೊಟ್ಟರೆ ಮೇಡಂ,
"ಇದು ಸಾಕ್ಷಿ ಆಗಲ್ಲ ಹಾಲೇಶ್," ಅಂದರು.
ಆದರೂ ಫೈಲಿನಲ್ಲಿ ಇಟ್ಟುಕೊಂಡರು.
ಅಕ್ಷರ ಆಗಲೇ ಅರ್ಧ ಮಾಸಿತ್ತು.
"ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ
ಕಾನೂನಿನಲ್ಲಿ ಮೊದಲು ತಾಯಿ, ಆಮೇಲೆ ತಂದೆ."
ಆಮೇಲೆ.
ಚಾಕಲೇಟು ಕೇಳುವ ಮಕ್ಕಳಿಗೆ,
ಸಾಲ ಕೇಳುವ ನೆಂಟರಿಗೆ ಹೇಳುತ್ತೇವಲ್ಲ, ಅದೇ.

ಸದ್ಯಕ್ಕೆ ಸಿಕ್ಕಿದ್ದು ತಿಂಗಳ ಎರಡನೇ ಶನಿವಾರ,
ಗಾಂಧಿ ಪಾರ್ಕು, ಹತ್ತರಿಂದ ಹನ್ನೆರಡು.
ಪಾಳಿ ಮುಗಿಸಿ ಪಂಪಿನ ಮನೆಯಲ್ಲಿ ಸೋಪು ಹಚ್ಚಿ ತಿಕ್ಕಿ
ಮೊದಲ ಬಸ್ಸಿಗೇ ಬಂದು ಕೂರುತ್ತೇನೆ.
ಗೇಟು ತೆರೆದಿರುವುದೇ ಇಲ್ಲ.

ಮೊದಲ ಸಲ ಅಮ್ಮನ ಚೂಡಿದಾರದ ಹಿಂದೆ ಅರ್ಧ ಮುಖ.
ಆಮೇಲೆ ನೀವು, ಬನ್ನಿ, ಕೂತ್ಕೊಳ್ಳಿ,
ಆರು ವರ್ಷದ ಬಾಯಲ್ಲಿ ಅಷ್ಟೊಂದು ಬಹುವಚನ.
ಯಾರೋ ಚೆನ್ನಾಗಿ ಕಲಿಸಿದ್ದಾರೆ,
ಅದನ್ನು ತಪ್ಪು ಅನ್ನಲಾರೆ.
ಉಯ್ಯಾಲೆ ತೂಗುವಾಗಲೂ "ಸಾಕು, ಥ್ಯಾಂಕ್ಸ್."

ಐದನೇ ಶನಿವಾರ.
ಪುಟಾಣಿ ರೈಲು ಸಿಳ್ಳೆ ಹಾಕಿತು, ಅವಳು ಓಡಿದಳು.
ನಾನು ಕಿಟಕಿಯಲ್ಲಿ, ಒಂದೂವರೆ ಟಿಕೇಟು ಕೊಡಿ ಎನ್ನುತ್ತಾ
ಚಿಲ್ಲರೆ ಹುಡುಕುತ್ತಿದ್ದೆ.
ಬೋಗಿಯಿಂದ ತಿರುಗಿ ಕಿರುಚಿದಳು,
"ಏ! ಬಾರೋ! ಹೊರಡ್ತಾ ಇದೆ!"

ಮುಂದಿನ ಹಲ್ಲು ಇರಲಿಲ್ಲ.
ಎಂದು ಬಿತ್ತೋ, ಯಾರ ಮನೆಯ ಹೆಂಚಿನ ಮೇಲೆ ಎಸೆದರೋ,
ಆ ಸಂದಿಯಿಂದ ಬಂತು ಮಾತು, ಗಾಳಿ ಸಮೇತ.
ಚಿಲ್ಲರೆ ಬಿಟ್ಟೆ.
ಮೊಣಕಾಲು ಗದ್ದಕ್ಕೆ ತಾಗುವ ಸೀಟಿನಲ್ಲಿ ಮಡಚಿಕೊಂಡೆ.

ಎರಡನೇ ಸುತ್ತಿನಲ್ಲಿ ಗೇಟಿನಾಚೆ ಜೆಸಿಂತಾ ಕಂಡಳು,
ಸ್ಕೂಟಿ ಚಾಲೂ ಇತ್ತು, ಹೆಲ್ಮೆಟ್ ತಲೆಯಲ್ಲೇ.
ಗಡಿಯಾರ ನೋಡಿದಳು. ನಮ್ಮನ್ನು ನೋಡಿದಳು.
ಮೂರನೇ ಸುತ್ತಿನಲ್ಲಿ
ಕೀಲಿ ತಿರುಗಿಸಿ ಇಂಜಿನ್ ಆರಿಸಿದ್ದಳು.

ಏಳು ನಿಮಿಷ.
ಮೇಡಂಗೆ ಹೇಳಿಲ್ಲ.
ಹೇಳಿದರೆ ಅದನ್ನೂ ಅರ್ಜಿಯಲ್ಲಿ ಬರೆಯುತ್ತಾರೆ.