ಬಚ್ಚಲಕ್ಕೊಂದು ಹಣಿಗಿ

ಸಾಂವಕ್ಕನ ಬಲಗೈ ಭುಜದ ಮ್ಯಾಲೆ ಏಳೂದಿಲ್ಲ, ಶ್ರಾವಣದಿಂದ.
ಮೂವತ್ತೊಂದು ವರ್ಷ ಗುಳೇದಗುಡ್ಡದಾಗ
ಖಣದ ಮಗ್ಗಕ್ಕ ದುಡದ ಕೈ.
ತುಂಬಿದ ತಂಬಿಗಿ ಕಿವಿ ತನಕ ಬರತೈತಿ,
ಅಲ್ಲೇ ನಡುಗಿ, ಅರ್ಧ ನೀರು ಗ್ವಾಡಿಗೆ ಎರದು
ಇಳಿತೈತಿ.

ಶವರ್ ಹಾಕಸೋಣು ಅಂದೆ.
ಬಚ್ಚಲಾ ಒಡೀಬೇಕಾಗತೈತಿ ಅಂದ್ಳು.
ಒಡದ್ವಿ.
ದಾವಲಸಾಬ ಹಾಸಗಲ್ಲು ಎತ್ತಿದರ ಕೆಳಗ
ಎರಡು ಬಳಿಚೂರು, ಹಲ್ಲುಮುರದ ಬಾಚಣಿಕಿ,
ಒಂದು ಮೂಗಬಟ್ಟು.
ಹನ್ನೊಂದು ವರ್ಷದ ಹಿಂದ ಅದನ್ನ ಕದ್ದಾಕಿ
ನನ್ನ ತಂಗಿ ಅಂತ ತೀರ್ಮಾನ ಆಗಿತ್ತು.
ಸಾಂವಕ್ಕ ಅದನ್ನ ಸೆರಗಿಲೆ ಒರಸಿ ಸೆರಗಿನ್ಯಾಗ ಕಟಗೊಂಡ್ಳು.
ನಾನೂ ತಂಗಿಗೆ ಫೋನ್ ಹಚ್ಚಲಿಲ್ಲ.

ನವನಗರದ ಅಂಗಡ್ಯಾಗ ಗ್ವಾಡಿ ತುಂಬ ಶವರು.
ಸೂರ್ಯಪಾನದ ಹೂವಿನಷ್ಟು ದೊಡ್ಡವು,
ಭಕ್ರಿ ತಾಟಿನಂಥವು,
ಒಂದಕ್ಕ ನೀಲಿ ದೀಪ, ಒಂದಕ್ಕ ಹಾಡು ಹೇಳೂ ಡಬ್ಬಿ.
ಇನ್ನೊಂದು ಆಳೆತ್ತರ ನಿಂತು
ಹೊಟ್ಟಿ, ಬೆನ್ನು, ತೊಡಿ
ಎಲ್ಲಾ ಕಡೆ ಪಿಚಕಾರಿ ಹೊಡಿತೈತಂತ.
"ಹೋಳಿ ಹುಣ್ಣಿವಿಗೆ ಬಾಡಗಿ ಕೊಡ್ತೀರೇನು?"
ಸಾಂವಕ್ಕ ಕೇಳಿದ್ಳು.

ಅಷ್ಟೂ ಶವರಿನಾಗ ಒಂದ ಹನಿ ನೀರಿಲ್ಲ.
ಎಲ್ಲಾಕಿಂತ ದೊಡ್ಡದರ ಕೆಳಗ ನಿಂತು
ಕಣ್ಣ ಮುಚ್ಚಿದೆ. ಯಾಕೋ ಮೈ ತಂಪಾದಂಗಾತು.
ರೇಟ್ ಕೇಳಿದ ಮ್ಯಾಲೆ ಒಣಗಿತು.

"ಇದು ಮಳಿ ಶವರ್ ರೀ" ಅಂದ ಅಂಗಡಿ ಹುಡುಗ.
"ಟಾಕಿ ಮಾಳಗಿ ಮ್ಯಾಲೆ ನಾಕ ಫೂಟ್ ಐತಿ" ಅಂದ ದಾವಲಸಾಬ,
"ಅಷ್ಟರಾಗ ಇದು ಮಳಿ ಆಗೂದಿಲ್ಲ,
ಸೋರೂ ಮಾಳಗಿ ಆಗತೈತಿ.
ಮ್ಯಾಲೆ ನಮ್ಮ ಬೋರಿನ ನೀರು. ಹಂಡೇಕ್ಕ ಸುಣ್ಣ ಬಳಿಯೂ ನೀರು.
ದೀಪಾವಳಿಗೆ ನೂರ ತೂತು, ಯುಗಾದಿಗೆ ಮೂವತ್ತು."

ಸಾಂವಕ್ಕನ ಪ್ರಶ್ನೆ ಬ್ಯಾರೆ:
"ತಲಿ ಬಿಟ್ಟು ಮೈಗಷ್ಟ ಬೀಳೂದು ಯಾವುದೈತಿ ತಮ್ಮಾ?
ಜಳಕ ದಿನಾ. ಎರಕೊಳ್ಳೂದು ಶುಕ್ರವಾರ."
ಹುಡುಗ ನನ್ನ ಮಾರಿ ನೋಡಿದ.
ಅವನ ಪಟ್ಟ್ಯಾಗ ಅದಕ್ಕೊಂದು ಮನಿ ಇರಲಿಲ್ಲ.

ಆಮ್ಯಾಲೆ, ಮೂಲ್ಯಾಗಿನ ಬುಟ್ಟಿಯಿಂದ
ಕೈಯಾಗ ಹಿಡಿಯೂ ಶವರ್ ಒಂದ ತಗದು
ಕಿಟಕಿ ಬೆಳಕಿಗೆ ಹಿಡದ್ಳು, ಒಂದ ಕಣ್ಣ ಮುಚ್ಚಿ.
ಹಣಿಗಿ ನೋಡೂ ಹಂಗ.
"ನೀರು ಬಿಟ್ಟು ತೋರಸು."

ಅಂಗಡಿ ಹಿಂದ ಗಾಡಿ ತೊಳಿಯೂ ನಳ. ಅದಕ್ಕ ಜೋಡಿಸಿ ಬಿಟ್ಟ.
ಸಾಂವಕ್ಕ ಬಗ್ಗಿದ್ಳು.
"ಎಡಕ ಮೂರ ಎಳಿ ಒಂದಕ್ಕೊಂದು ಕೂಡ್ಯಾವ. ಬ್ಯಾಡ."
ಎರಡನೇದು: "ನಡುವ ಹರದೈತಿ."
ಮೂರನೇದಕ್ಕ ಬರೇ ಮೂಗು ಮುರದ್ಳು.
ನಾಕನೇದು ಬಿಟ್ಟಾಗ ಮಾತಾಡಲಿಲ್ಲ.
ಬಿಸಲಾಗ ನೀರು ಎಳಿ ಎಳಿಯಾಗಿ ನಿಂತಿತ್ತು.
ಎಡಗೈ ಅಡ್ಡ ಆಡಿಸಿದ್ಳು, ಲಾಳಿ ಹೋಗಿ ಬಂದಂಗ.
"ಇದನ್ನ ನೇಯಬಹುದು" ಅಂದ್ಳು.
ಹುಡುಗ ಬಿಲ್ಲಿನ ಮ್ಯಾಲೆ
ಹ್ಯಾಂಡ್ ಶವರ್, ಒಂದು ಅಂತ ಬರದ.

ಕೊಕ್ಕಿ ಎಲ್ಲಿ ಹೊಡೀಲಿ ಅಂತ ದಾವಲಸಾಬ ಕೇಳಿದಾಗ
ಜಗಳ ಆತು. ಎರಡು ಹೊಡದ:
ನನ್ನ ನೆತ್ತಿ ಮ್ಯಾಲೊಂದು,
ಮಣಿ ಮ್ಯಾಲೆ ಕುಂತ ಸಾಂವಕ್ಕನ ಎದಿಮಟ್ಟಕ್ಕೊಂದು.
ನಾಕ ದಿನ ಜಳಕ ಸುರಳೀತ.

ಶುಕ್ರವಾರ ಒಳಗಿಂದ ಬಾಗಲಾ ಬಡದ್ಳು.
"ಬರ್ರಿಲ್ಲೆ. ಇರೂದೊಂದ ಕೈ.
ತಲಿ ತಿಕ್ಕಲ್ಯೋ, ಇದನ್ನ ಹಿಡೀಲ್ಯೋ?"
ಎರಕೊಳ್ಳೂದು ಅಂದರ ಒಬ್ಬರು ಎರೀಬೇಕು.
ಪೆಟಿಗಿ ಮ್ಯಾಲೆ ಇದನ್ನ ಬರದಿರಲಿಲ್ಲ.

ನಾ ಯಾರಿಗೂ ಎರದವನಲ್ಲ.
ಮದಲ ಕಿವ್ಯಾಗ ಬಿಟ್ಟೆ. ಆಮ್ಯಾಲೆ ಸೀಗಿಕಾಯಿ ಕಣ್ಣಾಗ ಇಳಿಸಿದೆ.
ಧೋತರ ತೋದು ಕಾಲಿಗೆ ಅಂಟಿತು.
ನನ್ನ ತಾಯಿಯಿಂದ ಹಿಡದು ಬೈದ್ಳು.
ಕೂದಲ ಇಷ್ಟು ತೆಳ್ಳಗಾಗ್ಯಾವ ಅಂತ
ನನಗ ಗೊತ್ತಿರಲಿಲ್ಲ.

"ಇನ್ನಟು ಕೆಳಗ. ಬಲಕ್ಕ. ಹಾಂ, ಆ ಭುಜದ ಮ್ಯಾಲೆ.
ಬಿಸೀದು ಅಲ್ಲೇ ಬೀಳಲಿ. ಕೈ ಅಲಗ್ಯಾಡಸಬ್ಯಾಡ್ರಿ."

ಹಿಡದು ನಿಂತೆ.
ಎಷ್ಟೊತ್ತೋ ಏನೋ,
ಎಳಿ ಒಂದೊಂದ ಸಣ್ಣಾಗಿ, ಹರದು,
ಮ್ಯಾಲೆ ಟಾಕಿ ಗಳಗಳ ಅಂತು.

"ದಾವಲಸಾಬನ್ನ ಕೇಳ್ರಿ" ಅಂದ್ಳು ಕಣ್ಣ ತಗೀದ,
"ದೊಡ್ಡ ಟಾಕಿಗೆ ಎಷ್ಟಾಗತೈತಿ."