ಒಂದು ಮೊಳದ ಆಳ

ರೂವಿಯಲ್ಲಿ ಚಿನ್ನದಂಗಡಿಗೂ ಶವರ್ಮಾದವನಿಗೂ ನಡುವೆ
ಒಬ್ಬರೇ ನಿಲ್ಲಬಹುದಾದ ಒಂದು ಅಂಗಡಿ.
ಗಾಜಿನಡಿ ಕ್ಯಾಮೆರಾಗಳು,
ಐಸಿನ ಮೇಲೆ ಮಲಗಿಸಿದ ಮೀನಿನ ಹಾಗೆ
ಒಕ್ಕಣ್ಣಿನಲ್ಲಿ ನನ್ನನ್ನೇ ನೋಡಿದವು.

"ನೀರಿನೊಳಗೆ ತೆಗೆಯುವಂಥದ್ದು ಉಂಟಾ?"
"ಉಂಟಲ್ಲ. ಬಜೆಟ್ ಎಷ್ಟು?"
ನಾಲಿಗೆಯ ತುದಿಗೆ ಬಂದದ್ದು ನಲವತ್ತು,
ಬಾಯಿಂದ ಬಿದ್ದದ್ದು ಮೂವತ್ತು.
ಮಂಜೇಶ್ವರದ ಮೊಯ್ದಿಚ್ಚ ನಗಲಿಲ್ಲ.
ಅದಕ್ಕೇ ಬೇರೆ ಅಂಗಡಿಗೆ ಹೋಗಲಿಲ್ಲ ನಾನು.

ಮೊದಲು ಹಳದಿಯದು.
ಹದಿನೈದು ಮೀಟರ್ ಆಳಕ್ಕೆ ಗ್ಯಾರಂಟಿ,
ಆಳೆತ್ತರದಿಂದ ಬಿದ್ದರೂ ಒಡೆಯದಂತೆ.
ನೂರ ಮೂವತ್ತೆಂಟು ರಿಯಾಲ್.
ಬೆಡ್‌ಸ್ಪೇಸಿನ ಬಾಡಿಗೆ ಕಳೆದೆ, ತಂಗಿಯ ಫೀಸು ಕಳೆದೆ,
ಕಳೆಯುತ್ತ ಕಳೆಯುತ್ತ
ಕ್ಯಾಮೆರಾಕ್ಕಿಂತ ಮೊದಲು ನಾನೇ ಮುಳುಗಿದೆ.

ಆಮೇಲೆ ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ,
ಮೊಬೈಲು ಒಳಗೆ ತೂರಿಸಿ ಮೂರು ಚಿಲಕ ಒತ್ತುವುದು.
ಒಂದು ರಿಯಾಲ್ ಎಂಟುನೂರು ಬೈಸಾ.
"ಟಿಶ್ಯೂ ಇಟ್ಟು ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ,
ಬೆಳಿಗ್ಗೆ ಒಣಗಿದ್ದರೆ ನಂಬಿ."

ರಾತ್ರಿಯಿಡೀ ಮುಳುಗಿಸಿಟ್ಟೆ, ಮೇಲೆ ಅಕ್ಕಿಡಬ್ಬಿ ಹೇರಿ.
"ಸ್ನಾನಕ್ಕೆ ಬಕೆಟ್ ಬಿಡೇ!" ಬೈದಳು ಜುವಿಟಾ.
ಬೆಳಿಗ್ಗೆ ಟಿಶ್ಯೂ ಒಣಗಿಯೇ ಇತ್ತು,
ಒಂದು ಮೂಲೆಯ ಹೊರತು.
ಊರಿನ ಅಷ್ಟೂ ನಂಬರುಗಳು
ಆ ಮೂಲೆಯಲ್ಲೇ ಇವೆಯೇನೋ ಅನ್ನಿಸಿತು.

ಮತ್ತೆ ಹೋದೆ.
"ನಿಮಗೆ ಈಜು ಬರ್ತದಾ?" ಈ ಸಲ ಕೇಳಿದರು.
ಇಲ್ಲ. ನಮ್ಮ ಉಳ್ಳಾಲದ ಓಣಿಯಲ್ಲಿ
ಗಂಡುಮಕ್ಕಳಿಗೆ ಕಡಲು, ನಮಗೆ ದಡ.
"ಹಾಗಾದರೆ ಜಾಕೆಟ್ ಹಾಕಿ ತೇಲುವವರು.
ಕೈ ಚಾಚಿದರೆ ಎಷ್ಟೋ ಅಷ್ಟೇ ನಿಮ್ಮ ಆಳ.
ಒಂದು ಮೊಳಕ್ಕೆ
ಹದಿನೈದು ಮೀಟರಿನ ದುಡ್ಡು ಯಾಕೆ ಮಾರಾಯ್ರೆ?"

ನನ್ನ ಆಳವನ್ನು ಹೀಗೆ ಅಳೆದು ಕೈಗೆ ಕೊಟ್ಟವರಿಲ್ಲ.
ಸಿಟ್ಟು ಬಂತು. ಉಳಿತಾಯದ ಲೆಕ್ಕ ಅದನ್ನು ಮೀರಿತು.

ಕಪಾಟಿನ ಅಡಿಯಿಂದ ಬಂತು ನೀಲಿಯದು.
ಯಾರೋ ಮನಿಲಾಕ್ಕೆ ಮರಳುವಾಗ ಮಾರಿದ್ದು,
ಪರದೆಗೆ ಗೀರು, ಮೂರೇ ಮೀಟರ್, ಇಪ್ಪತ್ತೆಂಟು ರಿಯಾಲ್.
ಬಾಗಿಲ ಸುತ್ತಲಿನ ರಬ್ಬರು ಬೆರಳಲ್ಲಿ ಸವರಿ ತೋರಿಸಿದರು:
"ಒಂದು ಕೂದಲು ಸಿಕ್ಕರೂ ಸಾಕು, ಕಡಲು ಒಳಗೆ ಬರ್ತದೆ.
ಮತ್ತೆ, ನೀರಲ್ಲಿ ಮೊದಲು ಸಾಯುವುದು ಕೆಂಪು.
ದೂರದಿಂದ ತೆಗೀಬೇಡಿ, ಹತ್ತಿರ ಹೋಗಿ."

ಹತ್ತಿರ ಹೋಗುವುದು ನನ್ನ ಕಸುಬೇ.
ಹಲ್ಲಿನ ಡಾಕ್ಟರ ಪಕ್ಕ ಒಂಬತ್ತು ವರ್ಷ ನಿಂತವಳು,
ಪುಟ್ಟ ಕನ್ನಡಿ, ಪುಟ್ಟ ದೀಪ, ಎಂಜಲು ಹೀರುವ ಕೊಳವೆ,
ಒದ್ದೆ ಗುಹೆಗಳೊಳಗೆ ಇಣುಕಿ ಇಣುಕಿ
ಮನುಷ್ಯರ ಮುಖ ಮರೆತವಳು.

ಈದಿನ ಎರಡನೇ ದಿನ ಸೀಬಿನಿಂದ ದೋಣಿ.
ದಯ್ಮಾನಿಯಾತ್ ದ್ವೀಪದ ಬದಿಯಲ್ಲಿ ನಮ್ಮನ್ನು ನೀರಿಗೆ ಬಿಟ್ಟರು,
ಅಕ್ಕಿ ತೊಳೆಯುವಾಗ ತೇಲುವ ಜೊಳ್ಳಿನ ಹಾಗೆ.
ಕೆಳಗೆ ಹವಳ. ಎಷ್ಟು ವರ್ಷ ಬ್ರಶ್ ಕಾಣದ ದವಡೆಯೋ!
ಗಿಳಿಮೀನೊಂದು ಅದನ್ನು ಕಟಕಟ ಕಡಿಯುತ್ತಿತ್ತು.
ಆ ಹಲ್ಲು ಬೇಕಿತ್ತು ನನಗೆ,
ಡಾಕ್ಟರರಿಗೆ ತೋರಿಸಲು.
ಕೈ ಚಾಚಿದೆ, ಒಂದು ಮೊಳ,
ಇನ್ನೊಂದು ಗೇಣು. ಜಾಕೆಟ್ಟು ಬಿಡಲಿಲ್ಲ.

ಅರವತ್ತೊಂದು ಪಟ.
ನಲವತ್ತರಲ್ಲಿ ಬರೀ ನೀರು.
ಒಂದರಲ್ಲಿ ಜುವಿಟಾಳ ಮೂಗು, ಒಂದರಲ್ಲಿ ಮೀನಿನ ಬಾಲ.
ಹಲ್ಲು ಸಿಗಲಿಲ್ಲ.
ಒಂದರಲ್ಲಿ ಎರಡು ಪಾದ.
ಚಪ್ಪಲಿಯ ಪಟ್ಟಿಯ ಬಿಳಿ ಗುರುತು,
ಉಗುರಿಗೆ ಹಚ್ಚಿದ ಕೆಂಪು ಇನ್ನೂ ಕೆಂಪಾಗಿಯೇ,
ಕೆಳಗೆ ಹಸಿರು, ಅದರ ಕೆಳಗೆ ಕಪ್ಪು,
ದಿನಕ್ಕೆ ಹನ್ನೊಂದು ಗಂಟೆ ಟೈಲ್ಸಿನ ಮೇಲೆ ನಿಲ್ಲುವವು
ಯಾವುದರ ಮೇಲೂ ನಿಂತಿರಲಿಲ್ಲ.

ತಂಗಿಗೆ ಅದನ್ನೇ ಕಳಿಸಿದೆ.
"ಚಂದ ಉಂಟು. ಯಾರ ಕಾಲು?" ಅಂತ ಬಂತು.

ಏನು ಬರೆಯಲಿ ಅಂತ ಕೂತಿದ್ದೇನೆ.
ಸಿಹಿನೀರಿನಲ್ಲಿ ನೀಲಿ ಕ್ಯಾಮೆರಾ ಉಪ್ಪು ಬಿಡುತ್ತಿದೆ.
ಬಾತ್‌ರೂಮಿನ ಬಾಗಿಲು ತಟ್ಟುತ್ತಿದ್ದಾಳೆ ಜುವಿಟಾ,
ಬಕೆಟ್ಟಿಗಾಗಿ.